ಮಾರ್ಕೆಟ್ ಡಲ್ ಇರುವಾಗ ಮನೆ: ಈಗಲೇ ಮಾರುವುದಾ, ಬಾಡಿಗೆಗೆ ಕೊಡುವುದಾ, ಕಾಯುವುದಾ?

"ಮಾರ್ಕೆಟ್ ಸ್ವಲ್ಪ ಡಲ್ ಇದೆ ಸಾರ್, ದಸರಾ ಕಳೀಲಿ, ನೋಡೋಣ." ಮನೆ ಮಾರಲು ಇಟ್ಟವರೆಲ್ಲ ಬ್ರೋಕರ್ ಬಾಯಿಂದ ಈ ಮಾತು ಕೇಳಿಯೇ ಇರುತ್ತಾರೆ. ದಸರಾ, ದೀಪಾವಳಿ ಕಳೆದರೆ ಧನುರ್ಮಾಸ. ಸಂಕ್ರಾಂತಿ ಮುಗಿದರೆ ಮಕ್ಕಳ ಪರೀಕ್ಷೆ. ಯುಗಾದಿ ಹೊತ್ತಿಗೆ ನಾಲ್ಕು ಜನ ಬಂದು ನೋಡಿಕೊಂಡು ಹೋಗುತ್ತಾರೆ, ಅಷ್ಟರಲ್ಲಿ ಆಷಾಢ. ಆಮೇಲೆ ಪಿತೃಪಕ್ಷ. ವರ್ಷ ಹೀಗೇ ಉರುಳುತ್ತದೆ.

ಹಾಗಂತ ಡಲ್ ಮಾರ್ಕೆಟ್‌ನಲ್ಲಿ ಮನೆಗಳು ಮಾರಾಟವೇ ಆಗುವುದಿಲ್ಲ ಎಂದಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಯಾವಾಗ ಹೋಗಿ ನಿಂತರೂ ಜನ ಇರುತ್ತಾರೆ. ಆದರೆ ಕೊಳ್ಳುವವರಿಗೆ ಅವಸರ ಇರುವುದಿಲ್ಲ. ಹತ್ತು ಮನೆ ನೋಡುತ್ತಾರೆ. ಕಾಗದಪತ್ರದಲ್ಲಿ ಸಣ್ಣ ಅನುಮಾನ ಬಂದರೂ ಬಿಟ್ಟು ಮುಂದೆ ಹೋಗುತ್ತಾರೆ. ಉಳಿದ ಎರಡು ಮೂರರಲ್ಲಿ ಚೌಕಾಸಿಗೆ ಕೂರುತ್ತಾರೆ.

ಇಂಥ ಹೊತ್ತಿನಲ್ಲಿ ಮನೆ ಮಾಲೀಕರ ಮುಂದೆ ನಾಲ್ಕು ದಾರಿ ಇವೆ. ಬೆಲೆ ಇಳಿಸಿ ಈಗಲೇ ಮಾರುವುದು. ಬಾಡಿಗೆಗೆ ಕೊಟ್ಟು ಕಾಯುವುದು. ಭೋಗ್ಯಕ್ಕೆ ಹಾಕಿ ಒಟ್ಟಿಗೆ ಒಂದಷ್ಟು ದುಡ್ಡು ತೆಗೆದುಕೊಳ್ಳುವುದು. ಬೀಗ ಹಾಕಿ ಕಾಯುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾರಲೇಬೇಕು ಎಂದು ತೀರ್ಮಾನ ಮಾಡಿದವರಿಗೆ ಮೊದಲ ಎರಡು ಮಾತ್ರ ನಿಜವಾದ ದಾರಿಗಳು. ಭೋಗ್ಯ ಕೈ ಕಟ್ಟಿಹಾಕುತ್ತದೆ. ಬೀಗ ಹಾಕಿಡುವುದು ಪುಕ್ಕಟೆ ಎಂದು ಕಾಣುತ್ತದೆ, ಆದರೆ ನಾಲ್ಕರಲ್ಲಿ ಅದೇ ದುಬಾರಿ.

ಕಾಯುವುದಕ್ಕೆ ಎಷ್ಟು ಖರ್ಚು?

ಒಂದು ಲೆಕ್ಕ ಹಾಕೋಣ. ನೀವು 90 ಲಕ್ಷ ಹೇಳುತ್ತಿದ್ದೀರಿ. ಒಬ್ಬರು ಬಂದು 80 ಲಕ್ಷಕ್ಕೆ ನಿಂತಿದ್ದಾರೆ. ಹತ್ತು ಲಕ್ಷ ಬಿಡುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಸಹಜ. "ಒಂದೆರಡು ವರ್ಷ ಹೋಗಲಿ, ತಾನಾಗಿ ಬರುತ್ತೆ" ಎಂದುಕೊಳ್ಳುತ್ತೀರಿ.

ಈಗ ಆ 80 ಲಕ್ಷವನ್ನು ಶೇ. 6.5ರ ಎಫ್‌ಡಿಯಲ್ಲಿ ಇಟ್ಟಿರಿ ಎಂದುಕೊಳ್ಳಿ. ಒಂದು ವರ್ಷಕ್ಕೆ 5.2 ಲಕ್ಷ ಬಡ್ಡಿ. ಖಾಲಿ ಮನೆಗೆ ಕಂದಾಯ ಕಟ್ಟಬೇಕು, ಕರೆಂಟಿನ ಮಿನಿಮಮ್ ಚಾರ್ಜು, ನೀರಿನ ಬಿಲ್ಲು ಕಟ್ಟಬೇಕು, ಆಗಾಗ ಯಾರನ್ನಾದರೂ ಕರೆಸಿ ಗುಡಿಸಿ ಒರೆಸಬೇಕು, ಮಳೆಗಾಲ ಮುಗಿದ ಮೇಲೆ ತಾರಸಿ ನೋಡಿಸಬೇಕು. ವರ್ಷಕ್ಕೆ 40 ಸಾವಿರ ಎಂದು ಹಿಡಿದರೂ, ಇವತ್ತಿನ 80 ಲಕ್ಷ ಮುಂದಿನ ವರ್ಷದ 85.6 ಲಕ್ಷಕ್ಕೆ ಸಮ. ಎರಡು ವರ್ಷ ಕಳೆದರೆ 91.5 ಲಕ್ಷಕ್ಕೆ ಸಮ. ಅಂದರೆ ಎರಡು ವರ್ಷ ಬೀಗ ಹಾಕಿ ಕಾದು, ಕೊನೆಗೆ ನೀವು ಕೇಳಿದ 90 ಲಕ್ಷವೇ ಸಿಕ್ಕಿದರೂ ಅದು ಇವತ್ತಿನ 80ಕ್ಕಿಂತ ಕಡಿಮೆ. ತೆರಿಗೆ ಎರಡು ಕಡೆಯೂ ಇದೆ, ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಅದೇ ಮನೆಯನ್ನು ತಿಂಗಳಿಗೆ 18 ಸಾವಿರಕ್ಕೆ ಬಾಡಿಗೆಗೆ ಕೊಟ್ಟರೆ? ವರ್ಷಕ್ಕೆ 2.16 ಲಕ್ಷ ಬರುತ್ತದೆ. ಸುಣ್ಣಬಣ್ಣ, ಕಂದಾಯ ಕಳೆದು ನೋಡಿದರೆ, ಒಂದು ವರ್ಷಕ್ಕೆ ಸುಮಾರು 83.3 ಲಕ್ಷ, ಎರಡು ವರ್ಷಕ್ಕೆ ಸುಮಾರು 87 ಲಕ್ಷ ಸಿಕ್ಕರೆ ಸಮ. ಅಂದರೆ ಬಾಡಿಗೆ ನಷ್ಟವನ್ನು ಪೂರ್ತಿ ತುಂಬುವುದಿಲ್ಲ, ಕಡಿಮೆ ಮಾಡುತ್ತದೆ. ನಮ್ಮ ಊರುಗಳಲ್ಲಿ ವಾಸದ ಮನೆಯ ಬಾಡಿಗೆ ಸಾಮಾನ್ಯವಾಗಿ ಮನೆ ಬೆಲೆಯ ಶೇ. 2ರಿಂದ 3ರ ಆಸುಪಾಸು. ಬ್ಯಾಂಕ್ ಬಡ್ಡಿ ಅದಕ್ಕಿಂತ ಜಾಸ್ತಿ. ಈ ಅಂತರ ಇರುವವರೆಗೆ ಕಾಯುವವರ ಜೇಬಿನಿಂದ ದುಡ್ಡು ಹೋಗುತ್ತಲೇ ಇರುತ್ತದೆ.

ಮನೆ ಮೇಲೆ ಇನ್ನೂ ಹೋಮ್ ಲೋನ್ ಇದ್ದರೆ ಲೆಕ್ಕ ಇನ್ನೂ ಬಿಗಿ. 40 ಲಕ್ಷ ಬಾಕಿ, ಶೇ. 8.5 ಬಡ್ಡಿ ಅಂದರೆ ವರ್ಷಕ್ಕೆ 3.4 ಲಕ್ಷ ಬರೀ ಬಡ್ಡಿಗೇ ಹೋಗುತ್ತದೆ. ಕಂತು ಕಟ್ಟಲು ಕಷ್ಟ ಆಗುತ್ತಿದ್ದರಂತೂ ಬೆಲೆಗಾಗಿ ಹಟ ಹಿಡಿಯಬಾರದು. 90 ದಿನ ಕಂತು ತಪ್ಪಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ, ಆಗುತ್ತದೆ. ಆಮೇಲೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆಯಲು ಇರುವ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನದ ನೋಟಿಸು, ಅದರ ಹಿಂದೆ ಹರಾಜು. ಹರಾಜಿನಲ್ಲಿ ಬರುವ ಬೆಲೆಗಿಂತ ನೀವೇ ಮಾರಿದ ಬೆಲೆ ಸಾಮಾನ್ಯವಾಗಿ ವಾಸಿ.

ಹಾಗಾದರೆ ಕಾಯುವುದೇ ತಪ್ಪಾ? ಅಲ್ಲ. ಕಾಯಲು ಒಂದು ಕಾರಣ ಇರಬೇಕು, ಅದಕ್ಕೊಂದು ಗಡುವೂ ಇರಬೇಕು. ಇ-ಖಾತಾಕ್ಕೆ (ಆಸ್ತಿ ಯಾರ ಹೆಸರಲ್ಲಿದೆ ಎನ್ನುವ ಪಾಲಿಕೆಯ ಆನ್‌ಲೈನ್ ದಾಖಲೆ) ಅರ್ಜಿ ಹಾಕಿದ್ದೀರಿ, ಬರಬೇಕು. ವಿಭಾಗಪತ್ರ ನೋಂದಣಿ ಆಗಬೇಕು. ಮನೆ ಮುಂದೆ ಮೆಟ್ರೊ ಕೆಲಸಕ್ಕೆ ರಸ್ತೆ ಅಗೆದಿದ್ದಾರೆ, ಮುಚ್ಚಬೇಕು. ಇವೆಲ್ಲ ಕಾರಣಗಳು. "ರೇಟು ಏರಲೇಬೇಕಲ್ವಾ" ಎನ್ನುವುದು ಆಸೆ.

ಬೆಲೆಗೆ ಕೈ ಹಾಕುವ ಮೊದಲು ಕಾಗದ

ಬೆಲೆ ಇಳಿಸಿಯೂ ಮನೆ ಹೋಗದಿದ್ದರೆ ತೊಂದರೆ ಬೆಲೆಯಲ್ಲಿ ಇರಲಿಕ್ಕಿಲ್ಲ. ಮಾರ್ಕೆಟ್ ಬಿರುಸಾಗಿದ್ದಾಗ ಜನ ಸಣ್ಣಪುಟ್ಟ ದೋಷ ನುಂಗಿಕೊಳ್ಳುತ್ತಾರೆ. ಡಲ್ ಇದ್ದಾಗ ಅದೇ ದೋಷ ನೋಡಿ ಓಡಿಹೋಗುತ್ತಾರೆ. ಹಾಗಾಗಿ ಐದು ಲಕ್ಷ ಇಳಿಸುವ ಮೊದಲು ಐವತ್ತು ಸಾವಿರ ಖರ್ಚು ಮಾಡಿ ಫೈಲ್ ಸರಿ ಮಾಡಿಸಿ.

ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಬೇರೆ ನಗರಗಳಲ್ಲೂ ಇ-ಆಸ್ತಿ ದಾಖಲೆ ಕೇಳುತ್ತಾರೆ. "ಪಾರ್ಟಿ ಬಂದ ಮೇಲೆ ಮಾಡಿಸಿದರಾಯಿತು" ಎಂದರೆ, ಖಾತಾ ಬರುವಷ್ಟರಲ್ಲಿ ಆ ಪಾರ್ಟಿ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಟ್ಟಿರುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ ನೀವೇ ಒಮ್ಮೆ ಓದಿ. ಹದಿನೈದು ವರ್ಷದ ಹಿಂದೆ ತೀರಿಸಿದ ಸಾಲದ ಅಡಮಾನ ಅಲ್ಲಿ ಇನ್ನೂ ಕೂತಿರಬಹುದು. ಬ್ಯಾಂಕಿನಿಂದ ಬಿಡುಗಡೆ ಪತ್ರ ಬರೆಸಿಕೊಂಡು ನೋಂದಾಯಿಸದೇ ಬಿಟ್ಟಿದ್ದರೆ ಹೀಗಾಗುತ್ತದೆ.

ತಂದೆ ಕಟ್ಟಿಸಿದ ಮನೆ, ತಂದೆ ಉಯಿಲು ಬರೆಯದೇ ಹೋಗಿದ್ದಾರೆ ಎಂದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮಾರಾಟದ ಪತ್ರಕ್ಕೆ ಎಲ್ಲರ ಸಹಿ ಬೇಕು, ಇಲ್ಲವೇ ಬೇಡ ಎಂದವರು ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಬೇಕು. "ನಮ್ಮಕ್ಕ ಏನೂ ಕೇಳಲ್ಲ ಸಾರ್" ಎಂದರೆ ಕೊಳ್ಳುವವರ ವಕೀಲರು ಒಪ್ಪುವುದಿಲ್ಲ. ಅಕ್ಕನನ್ನು ಮೊದಲೇ ಕೂರಿಸಿ ಮಾತಾಡಿ, ಪಾರ್ಟಿ ಎದುರಿಗೆ ಅಲ್ಲ. ಬೆಲೆ ಕುದುರಿದ ಮೇಲೆ ಮನೆಯವರೊಳಗೆ ಜಗಳ ಶುರುವಾಗಿ ಕೈತಪ್ಪುವ ವ್ಯವಹಾರಗಳು ಬೇಕಾದಷ್ಟಿವೆ.

ಬಿ ಖಾತಾ (ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ ಖಾತಾ) ಇದ್ದರೆ, ಇಲ್ಲವೇ ಫ್ಲಾಟ್‌ಗೆ ಓ.ಸಿ. (ವಾಸಕ್ಕೆ ಅನುಮತಿ ಕೊಡುವ ಪ್ರಮಾಣಪತ್ರ) ಇಲ್ಲದಿದ್ದರೆ, ಬಹಳಷ್ಟು ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡುತ್ತವೆ. ಆಗ ನಿಮ್ಮ ಮನೆ ಕೊಳ್ಳಬಲ್ಲವರು ಪೂರ್ತಿ ದುಡ್ಡು ಕೈಯಲ್ಲಿ ಇರುವವರು ಮಾತ್ರ. ಅಂಥವರು ಕಡಿಮೆ, ಅವರಿಗೆ ಅದು ಗೊತ್ತು, ಅದಕ್ಕೆ ತಕ್ಕ ಬೆಲೆಯನ್ನೇ ಕೇಳುತ್ತಾರೆ. ಇಂಥ ಆಸ್ತಿಯನ್ನು ಪಕ್ಕದ ಎ ಖಾತಾ ಮನೆಯ ಬೆಲೆಗೆ ಹೋಲಿಸಿಕೊಂಡು ಕೂರಬೇಡಿ.

ಈಗಲೇ ಮಾರುವುದಾದರೆ: ಎಷ್ಟು ಇಳಿಸುವುದು, ಹೇಗೆ ಇಳಿಸುವುದು

ಜನ ಸಾಮಾನ್ಯವಾಗಿ 90 ಹೇಳಿ, ಎರಡು ತಿಂಗಳಿಗೆ 88, ಮತ್ತೆರಡು ತಿಂಗಳಿಗೆ 86 ಎಂದು ಇಳಿಯುತ್ತಾರೆ. ಇದು ಕೆಟ್ಟ ದಾರಿ. ಆ ಏರಿಯಾದಲ್ಲಿ ಮನೆ ಹುಡುಕುವವರು ಬೆರಳೆಣಿಕೆಯಷ್ಟು. ಎಲ್ಲರೂ ನಿಮ್ಮ ಮನೆ ಒಮ್ಮೆ ನೋಡಿ ಹೋಗಿರುತ್ತಾರೆ. ಮೆಲ್ಲಗೆ ಇಳಿಯುತ್ತಿದೆ ಎಂದು ಕಂಡರೆ ಇನ್ನೂ ಇಳಿಯಲಿ ಎಂದು ಕಾಯುತ್ತಾರೆ. ಬ್ರೋಕರ್‌ಗಳು ಕೂಡ "ಆ ಮನೆನಾ? ಅದು ಹೋದ ವರ್ಷದಿಂದ ಇದೆ" ಎಂದು ಹೇಳತೊಡಗುತ್ತಾರೆ. ಇಳಿಸುವುದಿದ್ದರೆ ಒಂದೇ ಸಲ, ಗಮನಕ್ಕೆ ಬರುವಷ್ಟು ಇಳಿಸಿ. ಆಮೇಲೆ ಗಟ್ಟಿಯಾಗಿ ನಿಲ್ಲಿ.

ಎಷ್ಟು ಎನ್ನುವುದಕ್ಕೆ ಜಾಹೀರಾತಿನ ಬೆಲೆ ನೋಡಬೇಡಿ, ಅವೂ ಮಾರಾಟವಾಗದ ಮನೆಗಳೇ ತಾನೆ. ಬ್ಯಾಂಕಿನ ಪಟ್ಟಿಯಲ್ಲಿರುವ ಮೌಲ್ಯಮಾಪಕರೊಬ್ಬರಿಂದ ವ್ಯಾಲ್ಯುಯೇಶನ್ ರಿಪೋರ್ಟ್ ಮಾಡಿಸಿ. ಕೊಳ್ಳುವವರಿಗೆ ಎಷ್ಟು ಸಾಲ ಸಿಗುತ್ತದೆ ಎನ್ನುವುದು ಇಂಥದೇ ರಿಪೋರ್ಟಿನ ಮೇಲೆ ನಿಂತಿದೆ. 30ರಿಂದ 75 ಲಕ್ಷದವರೆಗಿನ ಹೋಮ್ ಲೋನ್‌ಗೆ ಮನೆ ಮೌಲ್ಯದ ಶೇ. 80 ಮೀರುವಂತಿಲ್ಲ, 75 ಲಕ್ಷ ಮೀರಿದ ಸಾಲಕ್ಕೆ ಶೇ. 75 ಎಂದು ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ನಿಮ್ಮ 80 ಲಕ್ಷದ ಮನೆಗೆ ಬ್ಯಾಂಕ್ ಕೂಡ 80 ಎಂದರೆ 64 ಲಕ್ಷ ಸಾಲ ಸಿಗಬಹುದು. ಬ್ಯಾಂಕ್ 72 ಲಕ್ಷ ಎಂದರೆ 57.6 ಲಕ್ಷ ಮಾತ್ರ. ಮಿಕ್ಕ 22.4 ಲಕ್ಷ ಅವರ ಕೈಯಿಂದ ಬರಬೇಕು.

ಅದರ ಮೇಲೆ ನೋಂದಣಿ ಖರ್ಚು. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್, ಸರ್‌ಚಾರ್ಜು ಸೇರಿದರೆ ನಗರದಲ್ಲಿ ಒಟ್ಟು ಶೇ. 7.6. ಎಂಬತ್ತು ಲಕ್ಷಕ್ಕೆ 6 ಲಕ್ಷದ ಮೇಲಾಯಿತು. ಅಂದರೆ ಸಂಬಳದ ಮೇಲೆ ಬದುಕುವ ಕುಟುಂಬವೊಂದು 28 ಲಕ್ಷದಷ್ಟು ಕೈಯಲ್ಲಿ ಹಿಡಿದುಕೊಂಡು ಬರಬೇಕು. ಎಷ್ಟೋ ಸಲ ವ್ಯವಹಾರ ಮುರಿಯುವುದು ಬೆಲೆಗಲ್ಲ, ಈ ಕೈದುಡ್ಡಿಗೆ. ಹಾಗಿದ್ದಾಗ ಎರಡು ಲಕ್ಷ ಇಳಿಸುವ ಬದಲು ಮೂರು ತಿಂಗಳು ಜಾಸ್ತಿ ಟೈಮ್ ಕೊಟ್ಟರೆ ಕೆಲಸ ಆಗಬಹುದು. ಅವರ ಎಲ್‌ಐಸಿ ಬರುವುದಿರುತ್ತದೆ, ಊರಿನ ಸೈಟು ಮಾರುವುದಿರುತ್ತದೆ. ಕೇಳಿ ತಿಳಿದುಕೊಳ್ಳಿ.

ಕೆಳಗೆ ಇಳಿಯುವುದಕ್ಕೂ ಒಂದು ಮಿತಿ ಇದೆ, ಅದು ಸರ್ಕಾರದ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆಂದು ಸರ್ಕಾರ ಆಯಾ ಜಾಗಕ್ಕೆ ನಿಗದಿ ಮಾಡಿದ ಬೆಲೆ. ನೀವು ಮಾರಿದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ. 10ಕ್ಕಿಂತ ಜಾಸ್ತಿ ಇದ್ದರೆ, ಆದಾಯ ತೆರಿಗೆಯವರು ಮಾರ್ಗಸೂಚಿ ಬೆಲೆಗೇ ಮಾರಿದ್ದೀರಿ ಎಂದು ಲೆಕ್ಕ ಹಾಕುತ್ತಾರೆ. ಮಾರ್ಗಸೂಚಿ ಬೆಲೆ ಒಂದು ಕೋಟಿ ಇರುವ ಮನೆಯನ್ನು 92 ಲಕ್ಷಕ್ಕೆ ಕೊಟ್ಟರೆ ತೊಂದರೆ ಇಲ್ಲ. 88ಕ್ಕೆ ಕೊಟ್ಟರೆ ಒಂದು ಕೋಟಿಯ ಲೆಕ್ಕದಲ್ಲಿ ತೆರಿಗೆ. ಅಷ್ಟೇ ಅಲ್ಲ, ಆ 12 ಲಕ್ಷದ ವ್ಯತ್ಯಾಸವನ್ನು ಕೊಂಡವರ ಆದಾಯಕ್ಕೂ ಸೇರಿಸುತ್ತಾರೆ. ಕರ್ನಾಟಕದಲ್ಲಿ ಮಾರ್ಗಸೂಚಿ ಬೆಲೆಗಳು 2023ರ ಅಕ್ಟೋಬರ್ 1ರಿಂದ ಏರಿದ್ದರಿಂದ, ಕೆಲವು ಬಡಾವಣೆಗಳಲ್ಲಿ ಅದಕ್ಕೂ ನಿಜವಾದ ಬೆಲೆಗೂ ಅಂತರ ತೆಳುವಾಗಿದೆ. ಬೆಲೆ ನಿಜವಾಗಿಯೂ ಅಷ್ಟಿಲ್ಲ ಎಂದಾದರೆ ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಅದು ಓಡಾಟದ ಕೆಲಸ.

ಹಳೇ ಮನೆ ಬೇರೆ ಕಥೆ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ 40×60 ಸೈಟಿನಲ್ಲಿ ಮೂವತ್ತು ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳಿವೆ. ಮುಂದೆ ಸಣ್ಣ ವರಾಂಡ, ಕೆಂಪು ನೆಲ, ತೇಗದ ಬಾಗಿಲು, ಹಿತ್ತಲಲ್ಲಿ ಒಂದು ತೆಂಗು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮಾಲೀಕರು ಸೈಟಿಗೆ ಇಷ್ಟು, 15 ಚದರದ ಮನೆಗೆ ಇಷ್ಟು, ಬಾಗಿಲು ಕಿಟಕಿಗೆ ಇಷ್ಟು ಎಂದು ಕೂಡಿಸಿ ಬೆಲೆ ಹೇಳುತ್ತಾರೆ. ಕೊಳ್ಳುವವರು ಸೈಟಿಗೆ ಇಷ್ಟು, ಅದರಲ್ಲಿ ಮನೆ ಒಡೆಯುವ ಖರ್ಚು ಕಳೆದು ಇಷ್ಟು ಎನ್ನುತ್ತಾರೆ. ಇಬ್ಬರ ನಡುವೆ ಇಪ್ಪತ್ತು ಲಕ್ಷದ ಕಂದಕ ಇರುವುದಕ್ಕೆ ಇದೇ ಕಾರಣ, ಮಾರ್ಕೆಟ್ ಅಲ್ಲ.

ಇಂಥ ಮನೆಗೆ ಮಾಡ್ಯುಲರ್ ಕಿಚನ್ ಹಾಕಿಸಿ, ಟೈಲ್ಸ್ ಬದಲಿಸಿ ಮಾರುತ್ತೇನೆ ಎಂದು ಹೊರಡಬೇಡಿ. ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ತಾರಸಿ ಸೋರುವುದು ನಿಲ್ಲಿಸಿ, ಗಿಡಗಂಟೆ ಕೀಳಿಸಿ, ಒಂದು ಕೋಟ್ ಸುಣ್ಣ ಹೊಡೆಸಿ. ಸಾಕು.

ಒಡೆದು ಖಾಲಿ ಸೈಟು ಮಾಡಿಬಿಟ್ಟರೆ ಬೇಗ ಹೋಗುತ್ತದೆ ಎಂದು ಸಲಹೆ ಕೊಡುವವರು ಇದ್ದಾರೆ. ಇಲ್ಲಿ ಒಂದು ಕೊಕ್ಕೆ ಇದೆ. ವಾಸದ ಮನೆ ಮಾರಿ ಬಂದ ಲಾಭದಿಂದ ಇನ್ನೊಂದು ಮನೆ ಕೊಂಡರೆ ಸಿಗುವ ತೆರಿಗೆ ವಿನಾಯಿತಿಗೆ, ಎಲ್ಲರೂ ಸೆಕ್ಷನ್ 54 ಎನ್ನುವುದು ಇದನ್ನೇ, ನೀವು ಮಾರಿದ್ದು ಮನೆಯೇ ಆಗಿರಬೇಕು. ಲಾಭದ ಮೊತ್ತವನ್ನಷ್ಟೇ ಹೊಸ ಮನೆಗೆ ಹಾಕಿದರೆ ಸಾಕು. ಒಡೆದು ಸೈಟು ಎಂದು ಮಾರಿದರೆ ಬೇರೆ ನಿಯಮ, ಎಲ್ಲರೂ 54ಎಫ್ ಎನ್ನುವುದು. ಅಲ್ಲಿ ಪೂರ್ತಿ ವಿನಾಯಿತಿ ಬೇಕೆಂದರೆ ಲಾಭ ಮಾತ್ರವಲ್ಲ, ಬಂದ ದುಡ್ಡನ್ನೆಲ್ಲ ಹೊಸ ಮನೆಗೆ ಹಾಕಬೇಕು. ನಿಮ್ಮ ಹೆಸರಲ್ಲಿ ಈಗಾಗಲೇ ಒಂದಕ್ಕಿಂತ ಜಾಸ್ತಿ ಮನೆ ಇರಬಾರದು. ಜೆಸಿಬಿ ಕರೆಸುವ ಮೊದಲು ಆಡಿಟರ್‌ಗೆ ಒಂದು ಫೋನ್ ಮಾಡಿ.

ಇಂಥ ಮನೆಗೆ ಒಳ್ಳೆ ಗಿರಾಕಿ ಎಷ್ಟೋ ಸಲ ಪಕ್ಕದಲ್ಲೇ ಇರುತ್ತಾರೆ. ಪಕ್ಕದ ಸೈಟಿನವರಿಗೆ ಮಗನಿಗೊಂದು ಮನೆ ಕಟ್ಟಬೇಕು, ಇಲ್ಲವೇ ಕಾರು ನಿಲ್ಲಿಸಲು ಜಾಗ ಬೇಕು. ಅವರಿಗೆ ಈ ಸೈಟಿನ ಬೆಲೆ ಬೇರೆಯವರಿಗಿಂತ ಜಾಸ್ತಿ. ಪೋರ್ಟಲ್‌ಗೆ ಹಾಕುವ ಮೊದಲು ಅಕ್ಕಪಕ್ಕ, ಎದುರು ಮನೆಯವರಿಗೆ ಹೇಳಿ. ದಕ್ಷಿಣಕ್ಕೆ ಬಾಗಿಲಿರುವ ಮನೆಯಾದರೆ ಜಾಹೀರಾತಿನಲ್ಲೇ ಬರೆಯಿರಿ. ಮುಚ್ಚಿಟ್ಟು ಇಪ್ಪತ್ತು ಜನರಿಗೆ ಮನೆ ತೋರಿಸುವುದು ಸುಮ್ನೆ ಸಮಯ ಹಾಳು.

ಬಾಡಿಗೆಗೆ ಕೊಟ್ಟು ಮಾರುವುದು

ಮನೆ ಗಟ್ಟಿಯಾಗಿದೆ, ದುಡ್ಡಿನ ಅವಸರ ಇಲ್ಲ, ಬಂದ ಆಫರ್ ತೀರಾ ಕಡಿಮೆ ಎನ್ನಿಸುತ್ತಿದೆ ಎಂದರೆ ಇದೇ ದಾರಿ. ಮನೆಯಲ್ಲಿ ಜನ ಇದ್ದರೆ ಪೈಪು, ವೈರಿಂಗು ಹಾಳಾಗುವುದಿಲ್ಲ, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬರುವುದಿಲ್ಲ. ಬಾಡಿಗೆ ಆದಾಯದಲ್ಲಿ ಕಟ್ಟಿದ ಕಂದಾಯ ಕಳೆದು, ಮಿಕ್ಕಿದ್ದರಲ್ಲಿ ಶೇ. 30 ರಿಪೇರಿ ಬಾಬ್ತಿಗೆ ಬಿಟ್ಟು, ಉಳಿದುದಕ್ಕೆ ಮಾತ್ರ ತೆರಿಗೆ.

ತೊಂದರೆ ಶುರುವಾಗುವುದು ಮನೆ ತೋರಿಸುವಾಗ. ಬಾಡಿಗೆದಾರರಿಗೆ ಮನೆ ಮಾರಾಟವಾಗುವುದು ಬೇಕಿರುವುದಿಲ್ಲ. ಭಾನುವಾರ ಪಾರ್ಟಿ ಬರುತ್ತಾರೆ ಎಂದರೆ "ನಾವು ಊರಲ್ಲಿ ಇರಲ್ಲ" ಎನ್ನುತ್ತಾರೆ. ಹಾಗಾಗಿ ಹನ್ನೊಂದು ತಿಂಗಳ ಕರಾರಿನಲ್ಲೇ ಬರೆಸಿ: ಮನೆ ಮಾರಾಟಕ್ಕಿದೆ ಎನ್ನುವುದು ಅವರಿಗೆ ಗೊತ್ತು, ವಾರದಲ್ಲಿ ಇಂಥ ದಿನ ಇಷ್ಟು ಗಂಟೆಗೆ ತೋರಿಸಬೇಕು, ಎರಡು ತಿಂಗಳ ನೋಟಿಸಿಗೆ ಖಾಲಿ ಮಾಡಬೇಕು. ಅದಕ್ಕೆ ಪ್ರತಿಯಾಗಿ ಬಾಡಿಗೆಯಲ್ಲಿ ಸಾವಿರ ಎರಡು ಸಾವಿರ ಬಿಟ್ಟುಕೊಡಿ. ಅವರು ಕೊಟ್ಟ ಅಡ್ವಾನ್ಸನ್ನು ಮುಟ್ಟಬೇಡಿ. ಮನೆ ಮಾರಾಟವಾಗುವ ಹೊತ್ತಿಗೆ ಅದನ್ನು ವಾಪಸ್ ಕೊಡಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಅವರು ಖಾಲಿ ಮಾಡುವುದಿಲ್ಲ, ಅವರದು ತಪ್ಪೂ ಅಲ್ಲ.

ಕೆಳಗೆ ಒಂದು, ಮೇಲೆ ಒಂದು ಮನೆ ಇದ್ದರೆ ಮೇಲಿನದನ್ನು ಬಾಡಿಗೆಗೆ ಕೊಟ್ಟು ಕೆಳಗಿನದನ್ನು ಖಾಲಿ ಇಡಿ. ಕೊಳ್ಳುವವರಿಗೆ ವಾಸಕ್ಕೂ ಆಯಿತು, ಕಂತಿಗೆ ಬಾಡಿಗೆಯೂ ಆಯಿತು ಎಂದು ಕಾಣುತ್ತದೆ. ಮತ್ತೆ, ಇರುವ ಬಾಡಿಗೆದಾರರನ್ನೇ ಒಮ್ಮೆ ಕೇಳಿ ನೋಡಿ. ಐದಾರು ವರ್ಷ ಅದೇ ಮನೆಯಲ್ಲಿದ್ದು ಮಕ್ಕಳ ಸ್ಕೂಲು ಪಕ್ಕದಲ್ಲೇ ಇದ್ದರೆ ಅವರೇ ಕೊಂಡುಕೊಳ್ಳಬಹುದು.

ಭೋಗ್ಯ, ಅಡಮಾನ, ಜಂಟಿ ಅಭಿವೃದ್ಧಿ

ಭೋಗ್ಯ ಅಥವಾ ಲೀಸು ಕೇಳಲು ಚೆನ್ನ. ಇಪ್ಪತ್ತು ಲಕ್ಷ ಒಟ್ಟಿಗೆ ಸಿಗುತ್ತದೆ, ಬಡ್ಡಿ ಇಲ್ಲ, ಮೂರು ವರ್ಷದ ಮೇಲೆ ಅಷ್ಟೇ ವಾಪಸ್ ಕೊಟ್ಟರಾಯಿತು. ಆದರೆ ಆ ಮನೆಗೆ ತಿಂಗಳಿಗೆ 20 ಸಾವಿರ ಬಾಡಿಗೆ ಬರುವಂತಿದ್ದರೆ, ವರ್ಷಕ್ಕೆ 2.4 ಲಕ್ಷ ಬಿಟ್ಟುಕೊಟ್ಟಂತಾಯಿತು. ಅಂದರೆ ಇಪ್ಪತ್ತು ಲಕ್ಷವನ್ನು ಶೇ. 12 ಬಡ್ಡಿಗೆ ತಂದ ಹಾಗೆ. ಮನೆ ಅಡಮಾನ ಇಟ್ಟರೆ ಬ್ಯಾಂಕಿನಲ್ಲಿ ಅದಕ್ಕಿಂತ ಕಡಿಮೆಗೆ ಸಾಲ ಸಿಗಬಹುದು. ಮೇಲಾಗಿ, ನಡುವೆ ಒಳ್ಳೆ ಪಾರ್ಟಿ ಬಂದರೆ ಮೊದಲು ಆ ಇಪ್ಪತ್ತು ಲಕ್ಷ ಹೊಂದಿಸಬೇಕು. ಭೋಗ್ಯದ ಅವಧಿ ಮುಗಿಯದೇ ಇದ್ದರೆ ಅವರು ಎದ್ದು ಹೋಗಲೇಬೇಕು ಎಂದೇನಿಲ್ಲ. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಬೇಕು ಎನ್ನುವುದನ್ನೂ ಬಹಳ ಜನ ಬಿಡುತ್ತಾರೆ, ಆಮೇಲೆ ಎರಡು ಕಡೆಯವರಿಗೂ ತಲೆನೋವು. ಮಾರುವ ಮನಸ್ಸಿದ್ದವರಿಗೆ ಇದು ಬೇಡ.

ದುಡ್ಡು ಬೇಕಿರುವುದು ಮಗಳ ಮದುವೆಗೋ ಆಸ್ಪತ್ರೆಗೋ ಆಗಿದ್ದು, ಮನೆ ಮಾರುವುದು ಅದಕ್ಕಾಗಿ ಮಾತ್ರ ಎಂದಾದರೆ ಅಡಮಾನ ಸಾಲ ಪಡೆದು ನಿಧಾನವಾಗಿ ಮಾರಬಹುದು. ಕಂತು ಕಟ್ಟುವ ಆದಾಯ ಇದ್ದರೆ ಮಾತ್ರ. 60 ದಾಟಿದವರು ತಮ್ಮದೇ ಮನೆಯಲ್ಲಿ ಇದ್ದುಕೊಂಡು ಅದರ ಮೇಲೆ ದುಡ್ಡು ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಯೋಜನೆ 2007ರಿಂದ ಇದೆ. ನಮ್ಮಲ್ಲಿ ಅದನ್ನು ಕೇಳುವವರೇ ಕಡಿಮೆ, ಆದರೆ ಬ್ಯಾಂಕಿನಲ್ಲಿ ವಿಚಾರಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ, ಅಂದರೆ ಸೈಟು ನಿಮ್ಮದು, ಕಟ್ಟುವುದು ಬಿಲ್ಡರ್, ಫ್ಲಾಟುಗಳನ್ನು ಹಂಚಿಕೊಳ್ಳುವುದು, ದೊಡ್ಡ ಸೈಟಿನವರ ಮಾತು. ಡಲ್ ಮಾರ್ಕೆಟ್‌ನಲ್ಲಿ ನಿಮ್ಮ ಮನೆ ಹೋಗದಿದ್ದರೆ ಬಿಲ್ಡರ್ ಫ್ಲಾಟೂ ಹೋಗುವುದಿಲ್ಲ. ಮನೆ ಒಡೆದು, ಪಿಲ್ಲರ್ ಎದ್ದು, ಅಲ್ಲಿಗೇ ನಿಂತರೆ ನೀವು ಬಾಡಿಗೆ ಮನೆಯಲ್ಲಿ.

ತೆರಿಗೆ: ಯಾವ ಮನೆಗೆ ಯಾವ ಲೆಕ್ಕ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭಕ್ಕೆ ಈಗ ಶೇ. 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ, ಇಲ್ಲೇ ವಾಸವಿರುವವರು ಹಳೇ ಪದ್ಧತಿಯ ಲೆಕ್ಕವನ್ನೂ ಹಾಕಿ ನೋಡಬಹುದು: ಹಣದುಬ್ಬರ ಸೂಚ್ಯಂಕದಿಂದ ಅಸಲನ್ನು, ಅಂದರೆ ಕೊಂಡ ಬೆಲೆಯನ್ನು, ಏರಿಸಿ, ಉಳಿದ ಲಾಭಕ್ಕೆ ಶೇ. 20. ಎರಡರಲ್ಲಿ ಕಡಿಮೆ ಬಂದದ್ದನ್ನು ಕಟ್ಟಿದರೆ ಸಾಕು.

2013-14ರಲ್ಲಿ 50 ಲಕ್ಷಕ್ಕೆ ಕೊಂಡ ಫ್ಲಾಟನ್ನು 2025-26ರಲ್ಲಿ 80 ಲಕ್ಷಕ್ಕೆ ಮಾರಿದ್ದೀರಿ ಎಂದುಕೊಳ್ಳಿ. ಸೂಚ್ಯಂಕ ಕೊಂಡ ವರ್ಷ 220, ಮಾರಿದ ವರ್ಷ 376. ಅಸಲು 85.45 ಲಕ್ಷಕ್ಕೆ ಏರುತ್ತದೆ, ಲಾಭವೇ ಇಲ್ಲ, ತೆರಿಗೆ ಸೊನ್ನೆ. ಹೊಸ ಲೆಕ್ಕದಲ್ಲಾದರೆ 30 ಲಕ್ಷಕ್ಕೆ 3.75 ಲಕ್ಷ ಕಟ್ಟಬೇಕಿತ್ತು. ಅದೇ ತಂದೆ ಕಾಲದ ಮನೆ, ಅಸಲು ಎಂದು ಹಿಡಿಯುವ 2001ರ ಏಪ್ರಿಲ್ 1ರ ಬೆಲೆ 6 ಲಕ್ಷ, ಮಾರಿದ್ದು 90 ಲಕ್ಷಕ್ಕೆ ಎಂದಾದರೆ ಹಳೇ ಲೆಕ್ಕದಲ್ಲಿ ಸುಮಾರು 13.5 ಲಕ್ಷ, ಹೊಸದರಲ್ಲಿ 10.5 ಲಕ್ಷ. ಎರಡಕ್ಕೂ ಮೇಲೆ ಸೆಸ್ ಬೇರೆ. ಬೆಲೆ ಹೆಚ್ಚು ಏರದ ಫ್ಲಾಟಿಗೆ ಹಳೇ ಲೆಕ್ಕ, ಬಹಳ ಏರಿದ ಹಳೇ ಮನೆಗೆ ಹೊಸ ಲೆಕ್ಕ ಲಾಭ. ಆಫರ್ ಬಂದಾಗ ಕೈಗೆ ಉಳಿಯುವುದು ಎಷ್ಟು ಎಂದು ಹೀಗೆ ಲೆಕ್ಕ ಹಾಕಿಯೇ ಉತ್ತರ ಕೊಡಿ.

ತೆರಿಗೆ ಉಳಿಸಲು ಇನ್ನೊಂದು ಮನೆ ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ ಟೈಮ್ ಇದೆ. ಮನೆ ಬೇಡ ಎನ್ನುವವರು ಆರು ತಿಂಗಳೊಳಗೆ ನಿಗದಿತ ಸರ್ಕಾರಿ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಾಕಬಹುದು, ಐದು ವರ್ಷ ತೆಗೆಯುವಂತಿಲ್ಲ. ಒಂದು ಮಾತು: ಡಲ್ ಮಾರ್ಕೆಟ್‌ನಲ್ಲಿ ಕಡಿಮೆಗೆ ಮಾರಿದೆ ಎಂದು ಕೊರಗುವವರು ಅದೇ ದುಡ್ಡಿನಲ್ಲಿ ಬೇರೆ ಮನೆ ಕೊಳ್ಳುವುದಿದ್ದರೆ, ಆ ಮನೆಯೂ ಡಲ್ ಮಾರ್ಕೆಟ್‌ನಲ್ಲೇ ಸಿಗುತ್ತದೆ.

ಹೊರದೇಶದಲ್ಲಿರುವ ಮಾಲೀಕರಿಗೆ ಈ ಎರಡು ಲೆಕ್ಕದ ಆಯ್ಕೆ ಇಲ್ಲ. ಅವರಿಗೆ ಕೊಳ್ಳುವವರು ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದು ಇಲ್ಲಿನವರಿಗೆ ಹಿಡಿಯುವ ಶೇ. 1 ಅಲ್ಲ, ಶೇ. 12.5ಕ್ಕಿಂತ ಹೆಚ್ಚು, ಅದೂ ಪೂರ್ತಿ ಮೊತ್ತಕ್ಕೆ. ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಮೊದಲೇ ತರಿಸಿಕೊಂಡರೆ ಇದು ತಪ್ಪುತ್ತದೆ. ಅಣ್ಣನೋ ತಮ್ಮನೋ ಅಮೆರಿಕದಲ್ಲಿದ್ದು ಅವರ ಪಾಲೂ ಇದ್ದರೆ ಇದು ಅವರ ಪಾಲಿಗೂ ಬರುತ್ತದೆ.

ಪಾರ್ಟಿ ಸಿಕ್ಕ ಮೇಲೆ

ಎರಡು ಆಫರ್ ಬಂದಿವೆ ಎಂದುಕೊಳ್ಳಿ. ಒಬ್ಬರು 82 ಲಕ್ಷ, ತಮ್ಮ ಫ್ಲಾಟ್ ಮಾರಿದ ಮೇಲೆ ಕೊಡುತ್ತಾರೆ. ಇನ್ನೊಬ್ಬರು 79, ಬ್ಯಾಂಕ್ ಸಾಲ ಮಂಜೂರಾಗಿದೆ. ನಾನಾದರೆ 79ಕ್ಕೆ ಕೊಡುತ್ತೇನೆ. ಮೊದಲನೆಯವರ ಫ್ಲಾಟೂ ಇದೇ ಡಲ್ ಮಾರ್ಕೆಟ್‌ನಲ್ಲಿ ಮಾರಾಟವಾಗಬೇಕಲ್ಲ.

ಬ್ರೋಕರ್‌ಗಳು ಒಂದೋ ಎರಡೋ ಪರ್ಸೆಂಟ್ ಕಮಿಷನ್ ಕೇಳುತ್ತಾರೆ. ಆರು ಜನರಿಗೆ ಹೇಳಿದರೆ ಆರು ಬೆಲೆಯಲ್ಲಿ ಒಂದೇ ಮನೆ ಪೋರ್ಟಲ್ ತುಂಬಾ ಕಾಣಿಸುತ್ತದೆ. ಒಬ್ಬರಿಗೋ ಇಬ್ಬರಿಗೋ, ಒಂದೇ ಬೆಲೆ ಹೇಳಿ ಕೊಡಿ.

ಅಡ್ವಾನ್ಸನ್ನು ಚೆಕ್ ಅಥವಾ ಬ್ಯಾಂಕ್ ಟ್ರಾನ್ಸ್‌ಫರ್ ಮೂಲಕವೇ ತೆಗೆದುಕೊಳ್ಳಿ. ಸ್ಥಿರಾಸ್ತಿಗೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆದರೆ, ಪಡೆದಷ್ಟೇ ದಂಡ ಬೀಳಬಹುದು. ಮನೆ ಮೇಲೆ ಸಾಲ ಇದ್ದರೆ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ, ಅವರ ಹತ್ತಿರ ಇರುವ ದಾಖಲೆಗಳ ಪಟ್ಟಿ ತಂದಿಟ್ಟುಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂ. ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ.

ಕರಾರು ಪತ್ರದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ನೋಂದಾಯಿತ ಕರಾರು ಮಾಡಿದರೆ ಅದು ಇ.ಸಿ.ಯಲ್ಲಿ ಕೂರುತ್ತದೆ. ಕೊಳ್ಳುವವರಿಗೆ ಅದು ರಕ್ಷಣೆ, ಕೇಳುವುದು ನ್ಯಾಯವೇ. ಆದರೆ ಅವರಿಗೆ ಸಾಲ ಸಿಗದೆ ಸುಮ್ಮನಾಗಿಬಿಟ್ಟರೆ, ಇ.ಸಿ. ನೋಡಿದ ಮುಂದಿನ ಪಾರ್ಟಿ ಹತ್ತಿರ ಬರುವುದಿಲ್ಲ. ಕರಾರಿನ ಪ್ರಕಾರ ಮನೆ ಬರೆದುಕೊಡಿ ಎಂದು ಕೋರ್ಟಿಗೆ ಹೋಗಲು ಅವರಿಗೆ ಮೂರು ವರ್ಷ ಕಾಲಾವಕಾಶವೂ ಇದೆ. ಹಾಗಾಗಿ ಗಡುವಿನ ತಾರೀಖು, ಗಡುವು ಮೀರಿದರೆ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತೀರಿ, ಎಷ್ಟು ದಿನದಲ್ಲಿ ರದ್ದತಿ ಪತ್ರಕ್ಕೆ ಬಂದು ಸಹಿ ಹಾಕಬೇಕು ಎನ್ನುವುದೆಲ್ಲ ಕರಾರಿನಲ್ಲೇ ಇರಲಿ. ಪೂರ್ತಿ ದುಡ್ಡು ಬರುವ ಮೊದಲು ಬೀಗದ ಕೈ ಕೊಡಬೇಡಿ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ, ಒಳಗೆ ಬಂದವರನ್ನು ಎಬ್ಬಿಸುವುದಂತೂ ಇನ್ನೂ ಕಷ್ಟ. ವ್ಯವಹಾರ ಮುರಿದರೆ ಅಡ್ವಾನ್ಸ್ ವಾಪಸ್ ಕೊಡುವುದೂ ರದ್ದತಿ ಪತ್ರ ನೋಂದಣಿಯೂ ಒಂದೇ ದಿನ, ಒಂದೇ ಜಾಗದಲ್ಲಿ ಆಗಲಿ. ಅದಾದ ಮೇಲೆ ಹೊಸ ಇ.ಸಿ. ತೆಗೆಸಿ, ರದ್ದತಿ ಅದರಲ್ಲಿ ಬಂದಿದೆಯಾ ನೋಡಿಕೊಂಡು ಮುಂದಿನವರಿಗೆ ಮನೆ ತೋರಿಸಿ.